ಮಗುವಿನ ಟಿಎಸ್ಎಚ್ ಎಲ್ಲರೂ ಕೇಳ್ತಾರೆ, ತಾಯಿದು?

ಮಗು ಹುಟ್ಟಿ ಎರಡು ಮೂರು ದಿನಕ್ಕೆ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತೆಗೆದು ಫಿಲ್ಟರ್ ಪೇಪರ್ ಮೇಲೆ ಹಾಕ್ತಾರಲ್ಲ, ಆ ರಿಪೋರ್ಟ್ ಬರೋವರೆಗೆ ಮನೆಯವರಿಗೆಲ್ಲ ಒಂದೇ ಚಿಂತೆ, ಟಿಎಸ್ಎಚ್ ಎಷ್ಟು ಬಂತು, ನಾರ್ಮಲ್ ತಾನೆ ಅಂತ. ಟಿಎಸ್ಎಚ್ ಅಂದ್ರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮಿದುಳಿನ ಬುಡದಿಂದ ಬರೋ ಹಾರ್ಮೋನ್, ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದಾಗ ಇದು ಏರತ್ತೆ. ಆ ಚಿಂತೆ ಸರಿಯಾದದ್ದೇ, ಆ ಪರೀಕ್ಷೆ ಎಷ್ಟು ದೊಡ್ಡ ವಿಷಯ ಅಂತ ಮುಂದೆ ಹೇಳ್ತೀನಿ. ಆದ್ರೆ ಪಕ್ಕದಲ್ಲೇ ಕೂತು ಆ ಮಗುಗೆ ಹಾಲು ಕೊಡ್ತಿರೋ ತಾಯಿಯ ಥೈರಾಯ್ಡ್ ಹೇಗಿದೆ, ಅವಳ ಮೈಗೆ ಅಯೋಡಿನ್ ಸಾಕಾಗ್ತಿದೆಯಾ ಅಂತ ಕೇಳೋರು ಬಹಳ ಕಮ್ಮಿ. ಬಸುರಿ ಇದ್ದಾಗ ಮೇಲಿಂದ ಮೇಲೆ ರಕ್ತ ತೆಗೆದು ನೋಡಿದವರು, ಮಾತ್ರೆ ತಗೊಂಡ್ಯಾ ಅಂತ ದಿನಾ ಕೇಳಿದವರು, ಹೆರಿಗೆ ಆಗಿದ್ದೇ ತಡ ಪೂರ್ತಿ ಮಗು ಕಡೆ ತಿರುಗಿಬಿಡ್ತಾರೆ. ಅಯೋಡಿನ್ ಇದ್ದ ಮಾತ್ರೆ ಡಬ್ಬಿ ಅರ್ಧಕ್ಕೇ ನಿಂತುಹೋಗತ್ತೆ, ಇನ್ನು ಬೇಡ ಬಿಡು ಹೆರಿಗೆ ಆಯ್ತಲ್ಲ ಅಂತ.

ಆದ್ರೆ ದೇಹದ ಲೆಕ್ಕ ಹಾಗಿಲ್ಲ. ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಬಸುರಿಯರಿಗೂ ಹಾಲುಣಿಸೋ ತಾಯಂದಿರಿಗೂ 250 ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಅಮೆರಿಕದ ಪಟ್ಟಿ ನೋಡಿದ್ರೆ ಇನ್ನೂ ಸ್ಪಷ್ಟ, ಬಸುರಿಗೆ 220, ಹಾಲುಣಿಸೋ ತಾಯಿಗೆ 290. ಅಂದ್ರೆ ನಾವು ಮಾತ್ರೆ ನಿಲ್ಲಿಸೋ ಹೊತ್ತಿಗೆ ಸರಿಯಾಗಿ ಬೇಡಿಕೆ ಒಂದು ಮೆಟ್ಟಿಲು ಮೇಲೇ ಹೋಗಿರತ್ತೆ. ಅಯೋಡಿನ್ ವಿಷಯದಲ್ಲಿ ತಾಯಿ ಮಗು ಇಬ್ಬರನ್ನ ಬೇರೆ ಬೇರೆ ನೋಡೋಕೆ ಆಗಲ್ಲ, ಮಗು ಬರೀ ಎದೆಹಾಲು ಕುಡಿಯೋವಷ್ಟು ಕಾಲ ಅದರ ಅಯೋಡಿನ್ ಎಲ್ಲಾ ತಾಯಿಯಿಂದಲೇ ಬರಬೇಕು. ಇದನ್ನ ನಾನು ಎಷ್ಟು ಜನರ ಹತ್ರ ಹೇಳಿದ್ರೂ ಸಾಕು ಅನ್ಸಲ್ಲ, ಅದಕ್ಕೇ ಕೂತು ಬರೀತಿದೀನಿ.

ಇದು ಹೇಗೆ ಕೆಲಸ ಮಾಡತ್ತೆ ಅಂತ ಓದಿದಾಗ ನನಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿಯ ಜೀವಕೋಶಗಳ ಮೇಲೆ ಸೋಡಿಯಂ ಅಯೋಡೈಡ್ ಸಿಂಪೋರ್ಟರ್ ಅಂತ ಒಂದು ಪ್ರೋಟೀನ್ ಇದೆ, ರಕ್ತದಲ್ಲಿ ಓಡಾಡೋ ಅಯೋಡಿನ್ನನ್ನ ಹಿಡಿದು ಒಳಗೆ ಎಳ್ಕೊಳ್ಳೋ ಪಂಪ್ ಅದು. ಅದರ ಜೀನ್ ಪತ್ತೆ ಆಗಿದ್ದು 1996ರಲ್ಲಿ. ಥೈರಾಯ್ಡ್ ಒಳಗೆ ಆ ಅಯೋಡಿನ್ ಹಾರ್ಮೋನ್ ಆಗತ್ತೆ, ನಾಲ್ಕು ಅಯೋಡಿನ್ ಪರಮಾಣು ಸೇರಿದ್ರೆ ಟಿ4, ಮೂರು ಇದ್ರೆ ಟಿ3, ಮಗುವಿನ ಮಿದುಳಿನ ನರಕೋಶಗಳು ಬೆಳೆಯೋದು, ಒಂದಕ್ಕೊಂದು ಜೋಡಣೆ ಆಗೋದು, ನರದ ಸುತ್ತ ಕವಚ ಬರೋದು ಎಲ್ಲದಕ್ಕೂ ಈ ಹಾರ್ಮೋನ್ ಬೇಕೇ ಬೇಕು. ಈಗ ವಿಷಯ ಏನಂದ್ರೆ ಇದೇ ಪಂಪ್ ತಾಯಿಯ ಸ್ತನದಲ್ಲೂ ಇದೆ. ಯಾವಾಗಲೂ ಅಲ್ಲ. ಬಸುರಿಯಾದಾಗ ಅಲ್ಲಿ ಕಾಣಿಸ್ಕೊಳ್ಳತ್ತೆ, ಹಾಲು ಕೊಡೋವಷ್ಟು ಕಾಲ ಕೆಲಸ ಮಾಡತ್ತೆ, ಹಾಲು ಬಿಡಿಸಿದ್ಮೇಲೆ ಇಲ್ಲವಾಗತ್ತೆ. ಮಗು ಚೀಪಿದಷ್ಟೂ ಆ ಪಂಪ್ ಚುರುಕಾಗಿರತ್ತೆ. ಹಾಗಾಗಿ ತಾಯಿಯ ರಕ್ತದಲ್ಲಿರೋ ಅಯೋಡಿನ್ನಿಗೆ ಎರಡು ಕಡೆಯಿಂದ ಎಳೆತ, ಒಂದು ಅವಳದೇ ಥೈರಾಯ್ಡ್, ಇನ್ನೊಂದು ಹಾಲು. ತಾಯಿಗೇ ಅಯೋಡಿನ್ ಕಮ್ಮಿ ಇದ್ದಾಗ ದೇಹ ಇರೋದ್ರಲ್ಲಿ ಹೆಚ್ಚಿನ ಪಾಲನ್ನ ಹಾಲಿನ ಕಡೆಗೇ ಕಳಿಸತ್ತೆ, ಮೂತ್ರದಲ್ಲಿ ಹೊರಗೆ ಹೋಗೋದು ಕಮ್ಮಿ ಆಗತ್ತೆ. ಮಗುವನ್ನ ಕಾಪಾಡೋಕೆ ದೇಹ ಮಾಡ್ಕೊಂಡಿರೋ ಏರ್ಪಾಡು ಇದು, ಆದ್ರೆ ಇರೋದೇ ತೀರಾ ಕಮ್ಮಿ ಆದ್ರೆ ಹಾಲಲ್ಲೂ ಇಳಿಯತ್ತೆ, ಆಗ ಇಬ್ಬರಿಗೂ ಸಾಲಲ್ಲ.

ಮಗು ಕಡೆಯಿಂದ ನೋಡಿದ್ರೆ ವಿಷಯ ಇನ್ನೂ ಸೂಕ್ಷ್ಮ. ಅಯೋಡಿನ್ ಸಾಕಷ್ಟು ಸಿಗೋ ದೊಡ್ಡವರ ಮೈಯಲ್ಲಿ 15ರಿಂದ 20 ಮಿಲಿಗ್ರಾಂ ಅಯೋಡಿನ್ ಇರತ್ತೆ, ಅದರಲ್ಲಿ ಬಹುಪಾಲು ಥೈರಾಯ್ಡಲ್ಲೇ. ದಿನ ತುಂಬಿ ಹುಟ್ಟಿದ ಮಗುವಿನ ಥೈರಾಯ್ಡಲ್ಲಿ ಇರೋದು, ತಾಯಿಗೆ ಅಯೋಡಿನ್ ಚೆನ್ನಾಗಿ ಸಿಕ್ಕಿದ್ರೂ, ಸುಮಾರು 300 ಮೈಕ್ರೋಗ್ರಾಂ ಅಷ್ಟೇ, ಒಂದು ಮಿಲಿಗ್ರಾಂನ ಮೂರನೇ ಒಂದು ಭಾಗನೂ ಇಲ್ಲ. ವರ್ಷಕ್ಕಾಗುವಷ್ಟು ದವಸ ತುಂಬಿಟ್ಕೊಂಡ ಮನೆಗೂ ಅವತ್ತಿನ ಕೂಲಿಯಲ್ಲಿ ಅವತ್ತಿನ ಅಕ್ಕಿ ತರೋ ಮನೆಗೂ ಇರೋ ವ್ಯತ್ಯಾಸ ಇದು. ದೊಡ್ಡವರು ಒಂದಿಷ್ಟು ವಾರ ಅಯೋಡಿನ್ ಕಮ್ಮಿ ತಿಂದ್ರೂ ಶೇಖರಣೆಯಲ್ಲಿ ನಡೆದುಹೋಗತ್ತೆ, ಹಸುಗೂಸಿಗೆ ಆ ಅವಕಾಶ ಇಲ್ಲ, ದಿನದಿನವೂ ಬರ್ತಾ ಇರಬೇಕು. ಹುಟ್ಟಿದಾಗಿಂದ ಆರು ತಿಂಗಳವರೆಗೆ ದಿನಕ್ಕೆ 90 ಮೈಕ್ರೋಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, 110 ಅಂತ ಅಮೆರಿಕದವರ ಲೆಕ್ಕ, ಯಾವ ಲೆಕ್ಕ ತಗೊಂಡ್ರೂ ತೂಕಕ್ಕೆ ಹೋಲಿಸಿದ್ರೆ ದೊಡ್ಡವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಗು ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಹಾಲು ಕುಡಿಯತ್ತೆ ಅಂತ ಇಟ್ಕೊಂಡ್ರೆ ಆ ಹಾಲಿನ ಲೀಟರಿಗೆ 100ರಿಂದ 150 ಮೈಕ್ರೋಗ್ರಾಂ ಆದ್ರೂ ಅಯೋಡಿನ್ ಇರಬೇಕಾಗತ್ತೆ.

ಹಾಗಾದ್ರೆ ಮಗುಗೇ ನೇರವಾಗಿ ಕೊಟ್ಬಿಡಬಹುದಲ್ಲ, ತಾಯಿಗ್ಯಾಕೆ ಅಂತ ಕೇಳಬಹುದು. ಈ ಪ್ರಶ್ನೆಯನ್ನ ಮೊರಾಕ್ಕೊದಲ್ಲಿ ಪ್ರಯೋಗ ಮಾಡಿಯೇ ನೋಡಿದಾರೆ, ಫಲಿತಾಂಶ 2014ರಲ್ಲಿ ಪ್ರಕಟವಾಯ್ತು. ಅಯೋಡಿನ್ ಕೊರತೆ ಇರೋ ಕಡೆ ಕೆಲವು ತಾಯಂದಿರಿಗೆ 400 ಮಿಲಿಗ್ರಾಂ ಅಯೋಡಿನ್ ಇರೋ ಎಣ್ಣೆಯ ಒಂದೇ ಡೋಸ್ ಕೊಟ್ರು, ಇನ್ನು ಕೆಲವರಲ್ಲಿ ತಾಯಿಗೆ ಕೊಡದೆ ಮಗುಗೇ ನೇರವಾಗಿ 100 ಮಿಲಿಗ್ರಾಂ ಕೊಟ್ರು. ತಾಯಿಗೆ ಕೊಟ್ಟ ಗುಂಪಿನ ಮಕ್ಕಳೇ ಚೆನ್ನಾಗಿದ್ರು. ತಾಯಿಯ ಮೂಲಕ ಹೋದ ಅಯೋಡಿನ್ ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಹಾಲಲ್ಲಿ ಸಿಗ್ತಾ ಹೋಯ್ತು. ಇದನ್ನ ಓದಿದ ಮೇಲೆ ನನಗೆ ಇನ್ನು ಅನುಮಾನ ಉಳಿಯಲಿಲ್ಲ, ಎದೆಹಾಲು ಕುಡಿಯೋ ಮಗುಗೆ ಅಯೋಡಿನ್ ಕೊಡೋ ದಾರಿ ಅಂದ್ರೆ ತಾಯಿಗೆ ಕೊಡೋದೇ. ಫಾರ್ಮುಲಾ ಹಾಲು ಕುಡಿಯೋ ಮಕ್ಕಳ ವಿಷಯ ಬೇರೆ, ಅದಕ್ಕೆ ತಯಾರಿಸುವಾಗಲೇ ಅಯೋಡಿನ್ ಸೇರಿಸಿರ್ತಾರೆ, 100 ಕಿಲೋಕ್ಯಾಲೊರಿಗೆ ಕನಿಷ್ಠ 10 ಮೈಕ್ರೋಗ್ರಾಂ ಇರಲೇಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಹಂಗಂತ ಎದೆಹಾಲು ಬಿಟ್ಟು ಡಬ್ಬಿಗೆ ಹೋಗಿ ಅಂತ ನಾನು ಹೇಳ್ತಿಲ್ಲ, ಡಬ್ಬಿಗೆ ತೋರಿಸೋ ಕಾಳಜಿ ತಾಯಿಗೂ ತೋರಿಸಿ ಅಂತ ಕೇಳ್ತಿದೀನಿ.

ಇಲ್ಲೇ ಇನ್ನೊಂದು ವಿಷಯ. ಸಿಗರೇಟ್ ಹೊಗೆಯಿಂದ ರಕ್ತದಲ್ಲಿ ಥಯೋಸಯನೇಟ್ ಅನ್ನೋ ವಸ್ತು ಹೆಚ್ಚಾಗತ್ತೆ, ಅದು ನೇರವಾಗಿ ಹೋಗಿ ಈ ಪಂಪಿಗೇ ಅಡ್ಡ ನಿಲ್ಲತ್ತೆ. ಡೆನ್ಮಾರ್ಕಿನಲ್ಲಿ ಅಳೆದು ನೋಡಿದಾಗ ಸಿಗರೇಟ್ ಸೇದೋ ತಾಯಂದಿರ ಹಾಲಲ್ಲಿ ಅಯೋಡಿನ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು, ಅವರ ಮೂತ್ರದಲ್ಲಿ ಮಾತ್ರ ಏನೂ ವ್ಯತ್ಯಾಸ ಇರಲಿಲ್ಲ. ಅಂದ್ರೆ ತಿಂದಿದ್ದು ಅಷ್ಟೇ, ಆದ್ರೆ ಮಗುಗೆ ತಲುಪಿದ್ದು ಅರ್ಧ.

ಸರಿ, 250 ಮೈಕ್ರೋಗ್ರಾಂ ಎಲ್ಲಿಂದ ಬರತ್ತೆ? ಎಲ್ಲರ ಬಾಯಲ್ಲೂ ಬರೋ ಉತ್ತರ ಒಂದೇ, ಅಯೋಡಿನ್ ಉಪ್ಪು ಹಾಕ್ತೀವಲ್ಲ ಅಂತ. ಉಪ್ಪಿಗೆ ಅಯೋಡಿನ್ ಸೇರಿಸೋದು 1922ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಶುರುವಾಗಿ, 1924ರಲ್ಲಿ ಅಮೆರಿಕದ ಮಿಶಿಗನ್ನಿಗೆ ಬಂದು, ಅಲ್ಲಿಂದ ಪ್ರಪಂಚ ಪೂರ್ತಿ ಹರಡಿ ಕೋಟ್ಯಂತರ ಮಕ್ಕಳ ಬುದ್ಧಿಶಕ್ತಿ ಉಳಿಸಿದೆ, ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಯೋಜನೆಗಳು ಬಹಳ ಇಲ್ಲ. ಆದ್ರೆ ಹಾಲುಣಿಸೋ ತಾಯಿಗೆ ಉಪ್ಪು ಒಂದೇ ಸಾಕಾ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಕಿಲೋ ಉಪ್ಪಿಗೆ 30 ಮಿಲಿಗ್ರಾಂ ಅಯೋಡಿನ್ ಇದೆ ಅಂತ ಇಟ್ಕೊಳ್ಳಿ, ಅಂದ್ರೆ ಒಂದು ಗ್ರಾಂ ಉಪ್ಪಲ್ಲಿ 30 ಮೈಕ್ರೋಗ್ರಾಂ. ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ತಿನ್ನಬೇಡಿ ಅಂತ ಹೇಳ್ತಾರೆ, ಹಾಗಾಗಿ 5 ಗ್ರಾಂಗೆ 150 ಮೈಕ್ರೋಗ್ರಾಂ. ಅದರಲ್ಲೂ ಕುದಿಸುವಾಗ, ಡಬ್ಬಿ ಮುಚ್ಚಳ ತೆಗೆದಿಟ್ಟು ತೇವ ತಗುಲಿದಾಗ ಒಂದಿಷ್ಟು ಹೋಗತ್ತೆ. ಉಳಿದ ನೂರು ಚಿಲ್ಲರೆ ಎಲ್ಲಿಂದ? ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನು ಇವುಗಳಿಂದ ಬರಬೇಕು. ಬಿಪಿ ಇದೆ ಅಂತ ಉಪ್ಪು ಕಮ್ಮಿ ಮಾಡಿರೋರು, ಹಾಲು ಮೊಟ್ಟೆ ಮೀನು ಯಾವುದೂ ಮುಟ್ಟದೇ ಇರೋರು, ಇಂಥವರಿಗೆ ಆ ನೂರು ಹೊಂದಿಸೋದು ಕಷ್ಟ. ಪ್ಯಾಕೆಟ್ ತಿಂಡಿಗಳಲ್ಲಿ ಉಪ್ಪೇನೋ ಬೇಕಾದಷ್ಟು ಇರತ್ತೆ, ಆದ್ರೆ ಅದು ಅಯೋಡಿನ್ ಇರೋ ಉಪ್ಪೇ ಅಂತ ಏನೂ ಗ್ಯಾರಂಟಿ ಇಲ್ಲ.

ಇನ್ನೊಂದು ನನಗೆ ನಿಜಕ್ಕೂ ಬೇಜಾರಾಗೋ ವಿಷಯ ಗುಲಾಬಿ ಬಣ್ಣದ ಕಲ್ಲುಪ್ಪು. ನೈಸರ್ಗಿಕ, ಒಳ್ಳೇದು ಅಂತ ಬಾಣಂತಿಯರಿಗೇ ಹುಡುಕಿ ತಂದುಕೊಡ್ತಾರೆ. ಅದರಲ್ಲಿ ಬೇರೆ ಏನೇ ಖನಿಜ ಇರಲಿ, ಅಯೋಡಿನ್ ಬೇರೆಯಾಗಿ ಸೇರಿಸಿಲ್ಲ ಅಂದ್ರೆ ಲೆಕ್ಕಕ್ಕೆ ಬರೋವಷ್ಟು ಇರಲ್ಲ. ಸಮುದ್ರದ ಉಪ್ಪೂ ಅಷ್ಟೇ, ಸಮುದ್ರದಿಂದ ಬಂತು ಅಂದ್ಮೇಲೆ ಅಯೋಡಿನ್ ಇದ್ದೇ ಇರತ್ತೆ ಅಂತ ಅಂದ್ಕೊಳ್ತಾರೆ, ಆದ್ರೆ ನೀರು ಆವಿಯಾಗಿ ಉಪ್ಪು ಆಗೋ ಹೊತ್ತಿಗೆ ಅದರಲ್ಲಿ ಉಳಿಯೋದು ಬಹಳ ಕಮ್ಮಿ. ಎದೆಹಾಲು ಕೊಡೋ ತಿಂಗಳುಗಳಲ್ಲಿ ಈ ಪ್ರಯೋಗ ಖಂಡಿತ ಬೇಡ. ಪ್ಯಾಕೆಟ್ ಹಿಂದೆ ಅಯೋಡಿನ್ ಅಂತ ಬರೆದಿರೋ ಉಪ್ಪು ತಗೊಳ್ಳಿ, ಮುಚ್ಚಳ ಬಿಗಿಯಾಗಿರೋ ಡಬ್ಬಿಗೆ ಹಾಕಿ, ಒಲೆ ಪಕ್ಕ ಇಡಬೇಡಿ, ಸಾಧ್ಯ ಆದ್ರೆ ಅಡುಗೆ ಇಳಿಸೋ ಹೊತ್ತಿಗೆ ಉಪ್ಪು ಹಾಕಿ.

ಮಾತ್ರೆ ವಿಷಯಕ್ಕೆ ಬಂದ್ರೆ, ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಬಸುರಿಯರಿಗೂ ಹಾಲುಣಿಸೋ ತಾಯಂದಿರಿಗೂ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಇರೋ ಪೂರಕ ತಗೊಳ್ಳಿ, ಅದು ಪೊಟ್ಯಾಸಿಯಂ ಅಯೋಡೈಡ್ ರೂಪದಲ್ಲಿರಲಿ ಅಂತ ಹೇಳತ್ತೆ. ಅಯೋಡಿನ್ ಉಪ್ಪು ಎಲ್ಲರ ಮನೆಗೂ ಚೆನ್ನಾಗಿ ತಲುಪಿರೋ ಕಡೆ ಎಲ್ಲರಿಗೂ ಮಾತ್ರೆ ಬೇಕೇ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಲ್ಲ. ಆದ್ರಿಂದ ಇದು ನಿಮ್ಮ ಊಟ ನೋಡಿ ನಿಮ್ಮ ಡಾಕ್ಟರು ನಿರ್ಧಾರ ಮಾಡೋ ವಿಷಯ. ನಾನು ಕೇಳ್ಕೊಳ್ಳೋದು ಇಷ್ಟೇ, ಮಲ್ಟಿವಿಟಮಿನ್ ಡಬ್ಬಿಯ ಹಿಂದಿನ ಸಣ್ಣಕ್ಷರ ಒಂದು ಸಲ ಓದಿ. ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್ ಎಲ್ಲಾ ಇದ್ದು ಅಯೋಡಿನ್ನಿನ ಹೆಸರೇ ಇಲ್ಲದ ಮಾತ್ರೆಗಳು ಬೇಕಾದಷ್ಟಿವೆ, ಎಲ್ಲಾ ಸಿಗ್ತಿದೆ ಅನ್ನೋ ಸಮಾಧಾನದಲ್ಲಿ ನಾವಿರ್ತೀವಿ.

ಹಾಗಂತ ಜಾಸ್ತಿ ಆದಷ್ಟೂ ಒಳ್ಳೇದು ಅಂತಲ್ಲ, ಇದನ್ನ ಒತ್ತಿ ಹೇಳಬೇಕು. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಅನ್ನೋ ವಿಜ್ಞಾನಿಗಳು ತೋರಿಸಿಕೊಟ್ಟ ವಿಷಯ, ಅಯೋಡಿನ್ ಒಮ್ಮೆಲೇ ವಿಪರೀತ ಬಂದ್ರೆ ಥೈರಾಯ್ಡ್ ಹಾರ್ಮೋನ್ ಮಾಡೋದನ್ನೇ ನಿಲ್ಲಿಸಿಬಿಡತ್ತೆ. ಆರೋಗ್ಯವಂತ ದೊಡ್ಡವರಲ್ಲಿ ಕೆಲವು ದಿನದಲ್ಲಿ ಗ್ರಂಥಿ ಮತ್ತೆ ದಾರಿಗೆ ಬರತ್ತೆ, ಹಸುಗೂಸಿನಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ, ಹಾಗೆ ಚೇತರಿಸಿಕೊಳ್ಳೋ ಶಕ್ತಿ ಇನ್ನೂ ಬಲಿತಿರಲ್ಲ. ಕೆಲ್ಪ್ ಅಂತ ಸಮುದ್ರಪಾಚಿಯ ಮಾತ್ರೆ ಮಾರ್ತಾರೆ, ಅದರಲ್ಲಿ ಅಯೋಡಿನ್ ಎಷ್ಟಿದೆ ಅಂತ ಡಬ್ಬಿಯಿಂದ ಡಬ್ಬಿಗೆ ಬದಲಾಗತ್ತೆ, ಕೆಲವದರಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಲುಣಿಸೋರು ಅದರಿಂದ ದೂರ ಇರೋದೇ ಮೇಲು. ಗಾಯಕ್ಕೆ ಹಚ್ಚೋ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೂಡ ಹಾಗೇ, ಮಗುವಿನ ತೆಳು ಚರ್ಮದ ಮೂಲಕ ಒಳಗೆ ಹೋಗತ್ತೆ, ಮಗುವಿನ ಹೊಕ್ಕುಳಿಗೆ ಅದನ್ನ ದಿನಾ ಹಚ್ಚೋದು ಒಳ್ಳೇದಲ್ಲ. ತಾಯಿ ತನ್ನ ಗಾಯಕ್ಕೆ ದಿನಗಟ್ಟಲೆ ಹಚ್ಕೊಂಡ್ರೂ ಹಾಲಲ್ಲಿ ಅಯೋಡಿನ್ ಏರತ್ತೆ. ಯುರೋಪಿನವರು ದಿನಕ್ಕೆ 600 ಮೈಕ್ರೋಗ್ರಾಂ ದಾಟಬೇಡಿ ಅಂತಾರೆ, ಅಮೆರಿಕದವರು 1100 ಅಂತಾರೆ, 500ರ ಮೇಲೆ ಹೋದ್ರೆ ಹೆಚ್ಚಿನ ಪ್ರಯೋಜನ ಏನೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಆರು ತಿಂಗಳು ದಾಟಿ ಮಗುಗೆ ಊಟ ಶುರು ಮಾಡಿದ ಮೇಲೂ ಒಂದು ಸಂದಿ ಇದೆ. ಒಂದು ವರ್ಷದವರೆಗೆ ಮಗುವಿನ ಊಟಕ್ಕೆ ಉಪ್ಪು ಹಾಕಬೇಡಿ ಅಂತಾರೆ, ಸರಿಯಾದ ಮಾತೇ, ಆದ್ರೆ ಉಪ್ಪಿಲ್ಲ ಅಂದ್ರೆ ಉಪ್ಪಿನ ಅಯೋಡಿನ್ನೂ ಇಲ್ಲ. ಉಪ್ಪಿನ ಅಯೋಡಿನ್ ಮೊದಲು ತಂದ ಸ್ವಿಟ್ಜರ್ಲೆಂಡಲ್ಲೇ, ಹಾಲು ಬಿಡಿಸೋ ವಯಸ್ಸಿನ ಮಕ್ಕಳಲ್ಲಿ ಅಯೋಡಿನ್ ಕಮ್ಮಿ ಇರೋದು ಕಂಡುಬಂದಿದೆ. ಎದೆಹಾಲು ಮುಂದುವರಿಸೋದು, ತಾಯಿಯ ಅಯೋಡಿನ್ ಕಡೆ ಗಮನ ಬಿಡದೇ ಇರೋದು, ಹಾಲು ಕಮ್ಮಿ ಆದಾಗ ಫಾರ್ಮುಲಾ ಅಥವಾ ಅಯೋಡಿನ್ ಸೇರಿಸಿದ ಶಿಶು ಆಹಾರ, ದಾರಿ ಇವೇ.

ಈಗ ಆ ಹಿಮ್ಮಡಿ ರಕ್ತದ ವಿಷಯ. ಮಗು ಗರ್ಭದ ಬೆಚ್ಚಗಿನಿಂದ ಹೊರಗೆ ಬಂದು ಚಳಿ ತಗುಲಿದ ಕೂಡಲೇ ಅದರ ಟಿಎಸ್ಎಚ್ ಅರ್ಧ ಗಂಟೆಯೊಳಗೆ 60, 80ರವರೆಗೂ ಜಿಗಿಯತ್ತೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯತ್ತೆ. ಅದಕ್ಕೇ 48 ಗಂಟೆ ಆದಮೇಲೆ ರಕ್ತ ತೆಗೆಯೋದು, ಅದಕ್ಕೂ ಮೊದಲೇ ತೆಗೆದ್ರೆ ಆರೋಗ್ಯವಾಗಿರೋ ಮಗುವಿಗೂ ಹೆಚ್ಚು ಬಂದು ಮನೆಯವರ ಜೀವ ಹೋಗತ್ತೆ. ಸರಾಸರಿ ಎರಡರಿಂದ ನಾಲ್ಕು ಸಾವಿರ ಮಕ್ಕಳಲ್ಲಿ ಒಂದು ಮಗುಗೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರತ್ತೆ. ನೋಡೋಕೆ ಏನೂ ಗೊತ್ತಾಗಲ್ಲ, ಇದೇ ಇದರ ಮೋಸ. ತಾಯಿಯಿಂದ ಬಂದ ಹಾರ್ಮೋನ್ ಇನ್ನೂ ಸ್ವಲ್ಪ ದಿನ ಮಗುವಿನ ಮೈಯಲ್ಲಿ ಇರೋದ್ರಿಂದ ಬಹುಪಾಲು ಮಕ್ಕಳು ಎಲ್ಲರ ಹಾಗೇ ಇರ್ತಾರೆ. ಕಾಮಾಲೆ ಬೇಗ ಇಳಿಯದೇ ಇರೋದು, ಮಲಬದ್ಧತೆ, ಸದಾ ನಿದ್ದೆ, ಹಾಲು ಕುಡಿಯೋಕೂ ಎಬ್ಬಿಸಬೇಕಾಗೋದು, ಒಡಕು ಅಳು, ನಾಲಿಗೆ ದಪ್ಪ, ಇವೆಲ್ಲ ಕಣ್ಣಿಗೆ ಬೀಳೋ ಹೊತ್ತಿಗೆ ಮಿದುಳಿಗೆ ಅತಿ ಮುಖ್ಯವಾದ ವಾರಗಳು ಕಳೆದಿರ್ತವೆ. 1972ರಲ್ಲಿ ಬಂದ ಒಂದು ವರದಿಯ ಅಂಕಿಗಳು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾದ ಮಕ್ಕಳ ಸರಾಸರಿ ಐಕ್ಯೂ 89, ಮೂರರಿಂದ ಆರು ತಿಂಗಳಲ್ಲಿ ಶುರುವಾದವರದು 71, ಆರು ತಿಂಗಳು ದಾಟಿದವರದು 54. ಅದೇ ಕಾಯಿಲೆ, ಅದೇ ಔಷಧಿ, ಶುರು ಮಾಡಿದ ದಿನ ಮಾತ್ರ ಬೇರೆ. ಇದಾಗಿ ಸ್ವಲ್ಪ ಸಮಯಕ್ಕೇ ಕೆನಡಾದ ಕ್ವಿಬೆಕ್‌ನಲ್ಲಿ ಜೀನ್ ದುಸೋ ಒಣಗಿದ ರಕ್ತದ ಚುಕ್ಕೆಯಲ್ಲೇ ಥೈರಾಯ್ಡ್ ಹಾರ್ಮೋನ್ ಅಳೆಯೋ ದಾರಿ ಕಂಡುಹಿಡಿದ್ರು, ಈಗ ಎರಡು ವಾರದೊಳಗೆ ಮಾತ್ರೆ ಶುರು ಮಾಡೋಕೆ ಸಾಧ್ಯ ಆಗಿದ್ದು ಅದರಿಂದಲೇ, ಹಾಗೆ ಶುರು ಮಾಡಿದ ಮಕ್ಕಳು ಓರಗೆಯವರ ಜೊತೆ ಸರಿಸಮವಾಗೇ ಬೆಳೀತಾರೆ.

ನನ್ನ ತಂಗಿ ಮಗಳದ್ದು ಮೊದಲ ರಿಪೋರ್ಟಲ್ಲೇ ಟಿಎಸ್ಎಚ್ ಬಹಳ ಹೆಚ್ಚು ಬಂತು. ಮತ್ತೆ ಕರೆಸಿ ಕೈಯಿಂದ ರಕ್ತ ತೆಗೆದ್ರು, ಅದರಲ್ಲೂ ಹಾಗೇ ಬಂತು. ಸ್ಕ್ಯಾನ್ ಮಾಡಿದಾಗ ಥೈರಾಯ್ಡ್ ಗ್ರಂಥಿ ಕುತ್ತಿಗೆಯಲ್ಲಿ ಇರಬೇಕಾದ ಜಾಗದಲ್ಲಿಲ್ಲ, ನಾಲಿಗೆ ಬುಡದಲ್ಲೇ ಚಿಕ್ಕದಾಗಿ ಉಳಿದುಬಿಟ್ಟಿದೆ ಅಂತ ಗೊತ್ತಾಯ್ತು. ಗರ್ಭದಲ್ಲಿ ಆ ಗ್ರಂಥಿ ನಾಲಿಗೆ ಬುಡದಲ್ಲಿ ಹುಟ್ಟಿ ಕೆಳಗಿಳಿದು ಬರಬೇಕು, ಇವಳಲ್ಲಿ ಇಳಿದಿರಲಿಲ್ಲ. ತಂಗಿ ಅವತ್ತು ರಾತ್ರಿ ನನ್ನ ಹತ್ರ ಕೇಳಿದ್ದು ಒಂದೇ, "ಅಕ್ಕಾ, ಬಸುರಿ ಇದ್ದಾಗ ನಾನು ಏನೋ ತಿನ್ನಲಿಲ್ಲ ಅಂತ ಹೀಗಾಯ್ತೇನೇ? ಅಯೋಡಿನ್ ಕಮ್ಮಿ ಆಗಿದ್ದು ನನ್ನಿಂದಾನಾ?" ಮರುದಿನ ಡಾಕ್ಟರ ಹತ್ರ ಅದನ್ನೇ ಕೇಳಿದ್ವಿ. ಅವರು ಪೇಪರ್ ತಗೊಂಡು ಚಿತ್ರ ಬರೆದು ಸಮಾಧಾನವಾಗಿ ಹೇಳಿದ್ರು, ಅಯೋಡಿನ್ ಕೊರತೆ ಬೇರೆ, ಗ್ರಂಥಿಯೇ ಸರಿಯಾಗಿ ರೂಪುಗೊಳ್ಳದೇ ಇರೋದು ಬೇರೆ ಅಂತ. ಅಯೋಡಿನ್ ಸಾಕಷ್ಟಿರೋ ಕಡೆ ಹುಟ್ಟಿನಿಂದ ಬರೋ ಥೈರಾಯ್ಡ್ ಕೊರತೆಗೆ ಬಹುತೇಕ ಕಾರಣ ಇದೇ, ಗ್ರಂಥಿ ಇಲ್ಲದೇ ಇರೋದು, ಚಿಕ್ಕದಾಗಿರೋದು, ಜಾಗ ತಪ್ಪಿರೋದು. ತಾಯಿ ತಿಂದಿದ್ದಕ್ಕೂ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದನ್ನ ನಾನು ಇಲ್ಲಿ ಬರೀತಿರೋದು ಬೇಕಂತಲೇ, ಯಾಕಂದ್ರೆ ಅಯೋಡಿನ್ ಬಗ್ಗೆ ಇಷ್ಟುದ್ದ ಬರೆದ ಮೇಲೆ ಇಂಥ ಮಗುವಿನ ತಾಯಿ ಯಾರಾದ್ರೂ ಓದಿ ತನ್ನನ್ನೇ ದೂಷಿಸ್ಕೊಂಡ್ರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ.

ಚಿಕಿತ್ಸೆ ಅಂದ್ರೆ ದಿನಕ್ಕೊಂದು ಸಲ ಲಿವೋಥೈರಾಕ್ಸಿನ್, ಅಂದ್ರೆ ಮಾತ್ರೆ ರೂಪದ ಟಿ4 ಹಾರ್ಮೋನ್, ಶುರುವಲ್ಲಿ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ. ತಂಗಿ ಬೆಳಿಗ್ಗೆ ಎದ್ದು ಎರಡು ಚಮಚದ ನಡುವೆ ಮಾತ್ರೆ ಇಟ್ಟು ಒತ್ತಿ ನುಣ್ಣಗೆ ಪುಡಿ ಮಾಡ್ತಾಳೆ, ಅದೇ ಚಮಚಕ್ಕೆ ತನ್ನ ಹಾಲು ಕೆಲವು ಹನಿ ಹಿಂಡಿ ಕಲಸಿ ಮಗುವಿನ ಕೆನ್ನೆ ಒಳಗೆ ಮೆಲ್ಲಗೆ ಬಿಡ್ತಾಳೆ, ಚಮಚದಲ್ಲಿ ಉಳಿದ ಪುಡಿಗೆ ಇನ್ನೆರಡು ಹನಿ ಹಾಕಿ ಅದನ್ನೂ ಕುಡಿಸ್ತಾಳೆ. ಬಾಟಲಿ ತುಂಬ ಹಾಲಲ್ಲಿ ಕಲಸಬಾರದು, ಮಗು ಪೂರ್ತಿ ಕುಡೀದೇ ಬಿಟ್ರೆ ಎಷ್ಟು ಡೋಸ್ ಒಳಗೆ ಹೋಯ್ತು ಅಂತ ಗೊತ್ತಾಗಲ್ಲ. ಸೋಯಾ ಹಾಲು, ಕಬ್ಬಿಣದ ಹನಿ, ಕ್ಯಾಲ್ಸಿಯಂ ಇವುಗಳ ಜೊತೆ ಕೊಟ್ರೆ ಔಷಧಿ ಸರಿಯಾಗಿ ಹೀರಿಕೊಳ್ಳಲ್ಲ. ಎದೆಹಾಲು ನಿಲ್ಲಿಸೋ ಅಗತ್ಯ ಒಂದಿಷ್ಟೂ ಇಲ್ಲ. ಕೆಲವು ಮಕ್ಕಳಲ್ಲಿ ಈ ಕೊರತೆ ತಾತ್ಕಾಲಿಕ, ಅಂಥವರಿಗೆ ಮೂರು ವರ್ಷ ತುಂಬಿದ ಮೇಲೆ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ ಪರೀಕ್ಷೆ ಮಾಡ್ತಾರೆ, ಅದೂ ಡಾಕ್ಟರು ಹೇಳಿದಾಗ ಮಾತ್ರ, ನಾವೇ ನಿಲ್ಲಿಸೋದಲ್ಲ. ಜಾಗ ತಪ್ಪಿದ ಗ್ರಂಥಿ ಇರೋ ಇವಳಂಥವರಿಗೆ ಮಾತ್ರೆ ಜೀವನಪೂರ್ತಿ. ಮಗು ಈಗ ಚೆನ್ನಾಗಿದಾಳೆ, ಮನೆ ತುಂಬ ಓಡಾಡ್ತಾಳೆ, ಬಾಯಿ ತೆಗೆದ್ರೆ ನಿಲ್ಸಲ್ಲ.

ಆ ತಿಂಗಳುಗಳಲ್ಲಿ ನಾವೆಲ್ಲ ಮಗುವಿನ ಟಿಎಸ್ಎಚ್ ಹಿಂದೆ ಓಡ್ತಿದ್ವಿ. ತಂಗಿಗೆ ಮೂರನೇ ತಿಂಗಳ ಹೊತ್ತಿಗೆ ಎದೆ ಡವಡವ ಅನ್ನೋದು, ಕೈ ನಡುಗೋದು, ತೂಕ ಸರ್ರನೆ ಇಳಿಯೋದು ಶುರುವಾಯ್ತು, ನಿದ್ದೆ ಇಲ್ಲ ಟೆನ್ಷನ್ ಇದೆ ಅದಕ್ಕೇ ಅಂದ್ರು ಎಲ್ಲರೂ. ಆಮೇಲೆ ಆರನೇ ತಿಂಗಳಿಗೆ ಪೂರ್ತಿ ಉಲ್ಟಾ, ಎದ್ದು ಕೂರೋಕೂ ಸುಸ್ತು, ಕೂದಲು ಕಿತ್ತುಬರೋದು, ಹಾಲು ಕಮ್ಮಿ ಆಗೋದು, ಸುಮ್ಮಸುಮ್ಮನೆ ಅಳು. ತೋರಿಸಿದ ಒಂದು ಕಡೆ ಬಾಣಂತಿಯರಿಗೆ ಇದೆಲ್ಲ ಮಾಮೂಲು ಅಂತ ರಕ್ತ ಪರೀಕ್ಷೆನೂ ಮಾಡದೇ ವಾಪಸ್ ಕಳಿಸಿದ್ರು. ಕೊನೆಗೆ ಮಗುಗೆ ರಕ್ತ ತೆಗೆಯೋಕೆ ಹೋದ ದಿನ ಆ ಮಕ್ಕಳ ಡಾಕ್ಟರೇ ಇವಳ ಮುಖ ನೋಡಿ, ನಿಮ್ಮದೂ ಒಂದು ಟಿಎಸ್ಎಚ್ ನೋಡೋಣಮ್ಮ ಅಂದ್ರು. ರಿಪೋರ್ಟ್ ಬಂದ್ಮೇಲೆ ಗೊತ್ತಾಯ್ತು, ಹೆರಿಗೆ ನಂತರದ ಥೈರಾಯ್ಡೈಟಿಸ್.

ಇದು ಅಪರೂಪದ ಕಾಯಿಲೆ ಏನಲ್ಲ. ನೂರು ಬಾಣಂತಿಯರಲ್ಲಿ ಸರಾಸರಿ ಐದು ಜನಕ್ಕೆ ಬರತ್ತೆ. ಬಸುರಿಯಲ್ಲಿ ತಗ್ಗಿದ್ದ ರೋಗನಿರೋಧಕ ವ್ಯವಸ್ಥೆ ಹೆರಿಗೆ ಆದಮೇಲೆ ಮತ್ತೆ ಏರೋವಾಗ ಥೈರಾಯ್ಡ್ ಮೇಲೆ ತಿರುಗಿ ಬೀಳತ್ತೆ, ಗ್ರಂಥಿ ಊದಿಕೊಂಡು ಒಳಗಿದ್ದ ಹಾರ್ಮೋನ್ ಎಲ್ಲಾ ಒಟ್ಟಿಗೆ ರಕ್ತಕ್ಕೆ ಸೋರತ್ತೆ, ಅದು ಡವಡವದ ಕಾಲ. ಶೇಖರಣೆ ಖಾಲಿ ಆದಮೇಲೆ ಕೊರತೆಯ ಕಾಲ. ಎಲ್ಲರಿಗೂ ಎರಡೂ ಬರಬೇಕು ಅಂತಿಲ್ಲ, ಕೆಲವರಿಗೆ ಮೊದಲಿನದು ಮಾತ್ರ, ಕೆಲವರಿಗೆ ನೇರವಾಗಿ ಕೊರತೆಯೇ. ಸೋರಿಕೆಯಿಂದ ಹಾರ್ಮೋನ್ ಹೆಚ್ಚಾಗಿರೋದ್ರಿಂದ ಆಗ ಥೈರಾಯ್ಡ್ ತಗ್ಗಿಸೋ ಮಾತ್ರೆ ಉಪಯೋಗಕ್ಕೆ ಬರಲ್ಲ, ಡವಡವ ತಡೆಯೋಕೆ ಪ್ರೊಪ್ರನೊಲಾಲ್ ತರದ್ದು ಕೊಡ್ತಾರೆ, ಕೊರತೆ ಬಂದಾಗ ಲಿವೋಥೈರಾಕ್ಸಿನ್. ಎರಡೂ ಹಾಲುಣಿಸ್ತಾ ತಗೊಳ್ಳಬಹುದು. ಬಹಳಷ್ಟು ಜನಕ್ಕೆ ವರ್ಷದೊಳಗೆ ಸರಿಹೋಗತ್ತೆ, ಕೆಲವರಿಗೆ ಕೊರತೆ ಹಾಗೇ ಉಳಿಯತ್ತೆ. ಇದಕ್ಕೆ ಹೆಚ್ಚು ಅಯೋಡಿನ್ ತಿನ್ನೋದು ಮದ್ದಲ್ಲ, ಅದನ್ನೂ ಹೇಳಿಬಿಡ್ತೀನಿ. ಸಂಕಟ ಏನಂದ್ರೆ ಇದರ ಲಕ್ಷಣ ಒಂದೊಂದೂ ಬಾಣಂತಿಯ ಸಾಮಾನ್ಯ ಸುಸ್ತಿನ ಹಾಗೇ ಕಾಣತ್ತೆ, ಖಿನ್ನತೆಯ ಹಾಗೂ ಕಾಣತ್ತೆ. ರಕ್ತ ನೋಡದೇ ಇದು ಇಂಥದ್ದೇ ಅಂತ ಹೇಳೋಕೆ ಯಾರಿಗೂ ಆಗಲ್ಲ, ಖಿನ್ನತೆ ಅಂತ ಅನುಮಾನ ಬಂದಾಗ್ಲೂ ಒಂದು ಟಿಎಸ್ಎಚ್ ಮಾಡಿಸಲೇಬೇಕು.

ಮಾಡಿಸೋವಾಗ ಒಂದು ವಿಷಯ ನೆನಪಿರಲಿ. ಕೂದಲು ಉದುರತ್ತೆ ಅಂತ ಬಯೋಟಿನ್ ಮಾತ್ರೆ ಬಹಳ ಜನ ತಗೊಳ್ತಾರೆ, ಹೆಚ್ಚು ಡೋಸಿನ ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳನ್ನೇ ತಪ್ಪು ದಾರಿಗೆ ಎಳೆಯತ್ತೆ, ಟಿಎಸ್ಎಚ್ ಇರೋದಕ್ಕಿಂತ ಕಮ್ಮಿ, ಟಿ4 ಇರೋದಕ್ಕಿಂತ ಹೆಚ್ಚು ತೋರಿಸತ್ತೆ. ಥೈರಾಯ್ಡ್ ಕೊರತೆಯಿಂದಲೇ ಕೂದಲು ಉದುರ್ತಿರೋ ತಾಯಿ ಕೂದಲಿಗೆ ಅಂತ ತಗೊಂಡ ಮಾತ್ರೆಯಿಂದ ಆ ಕೊರತೆ ರಿಪೋರ್ಟಲ್ಲಿ ಮರೆಯಾಗಿಹೋಗಬಹುದು. ರಕ್ತ ಕೊಡೋಕೆ ಎರಡು ದಿನ ಮೊದಲೇ ಅದನ್ನ ನಿಲ್ಲಿಸಿ, ತಗೊಳ್ತಿದ್ದೆ ಅಂತ ಡಾಕ್ಟರಿಗೂ ಹೇಳಿ. ಇನ್ನು ಲಿವೋಥೈರಾಕ್ಸಿನ್ ತಗೊಳ್ಳೋ ತಾಯಂದಿರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡು, ಬಾಣಂತಿಯರಿಗೆ ಕೊಡೋ ಕಬ್ಬಿಣ ಕ್ಯಾಲ್ಸಿಯಂ ಮಾತ್ರೆಗಳನ್ನ ಕನಿಷ್ಠ ನಾಲ್ಕು ಗಂಟೆ ಬಿಟ್ಟು ತಗೊಳ್ಳಬೇಕು. ಎಲ್ಲಾ ಒಂದೇ ಸಲ ನುಂಗಿ ಮುಗಿಸಿಬಿಟ್ರೆ ಡೋಸ್ ಸರಿಯಿದ್ರೂ ಟಿಎಸ್ಎಚ್ ಇಳಿಯಲ್ಲ, ಆಮೇಲೆ ಸುಮ್ಮನೆ ಡೋಸ್ ಏರಿಸ್ತಾರೆ.

ಗ್ರೇವ್ಸ್ ಕಾಯಿಲೆ, ಅಂದ್ರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋ ಕಾಯಿಲೆ ಇರೋ ತಾಯಂದಿರಿಗೂ ಅದನ್ನ ತಗ್ಗಿಸೋ ಮಿತವಾದ ಡೋಸಿನ ಮಾತ್ರೆಯಲ್ಲಿ ಹಾಲುಣಿಸಬಹುದು, ದಿನಕ್ಕೆ 20 ಮಿಲಿಗ್ರಾಂವರೆಗಿನ ಮೆಥಿಮಜೋಲ್ ಮಗುಗೆ ತೊಂದರೆ ಮಾಡಲ್ಲ. ಖಡಾಖಂಡಿತ ಆಗಲ್ಲ ಅನ್ನೋದು ಒಂದೇ, ವಿಕಿರಣ ಇರೋ ಅಯೋಡಿನ್ 131 ಚಿಕಿತ್ಸೆ. ಹಾಲಿಗೆ ಒಳ್ಳೆ ಅಯೋಡಿನ್ ತುಂಬೋ ಅದೇ ಪಂಪ್ ಇದನ್ನೂ ತುಂಬತ್ತೆ, ಅದು ನೇರವಾಗಿ ಮಗುವಿನ ಥೈರಾಯ್ಡಿಗೆ ಹೋಗತ್ತೆ. ಅದನ್ನ ತಗೊಳ್ಳಲೇಬೇಕಾದ್ರೆ ಕನಿಷ್ಠ ಆರು ವಾರ ಮೊದಲೇ ಹಾಲು ಬಿಡಿಸಿರಬೇಕು, ಆ ಮಗುಗೆ ಮತ್ತೆ ಎದೆಹಾಲು ಕೊಡೋ ಹಾಗಿಲ್ಲ. ಸ್ಕ್ಯಾನ್ ಅಂತ ಹೇಳಿದಾಗ್ಲೂ ಯಾವ ವಸ್ತು ಚುಚ್ತೀರಿ, ನಾನು ಹಾಲುಣಿಸ್ತಿದೀನಿ ಅಂತ ಮೊದಲೇ ಹೇಳಿ.

ಬಸುರಿಯಲ್ಲಿ ಟಿಪಿಒ ಆಂಟಿಬಾಡಿ (ಥೈರಾಯ್ಡ್ ಮೇಲೆ ತಿರುಗಿ ಬೀಳೋ ಪ್ರತಿಕಾಯ) ಪಾಸಿಟಿವ್ ಬಂದಿದ್ದವರು, ಟೈಪ್ 1 ಡಯಾಬಿಟಿಸ್ ಇರೋರು, ಹಿಂದಿನ ಹೆರಿಗೆ ಆದಮೇಲೆ ಥೈರಾಯ್ಡೈಟಿಸ್ ಆಗಿದ್ದವರು, ಇವರಿಗೆ ಮೈಯಲ್ಲಿ ಏನೂ ಅನ್ನಿಸದೇ ಇದ್ರೂ ಹೆರಿಗೆಯಾದ ಮೂರನೇ ತಿಂಗಳಿಗೊಮ್ಮೆ ಆರನೇ ತಿಂಗಳಿಗೊಮ್ಮೆ ಟಿಎಸ್ಎಚ್ ಮಾಡಿಸಬೇಕು. ಮಗುಗೆ ಲಸಿಕೆ ಹಾಕಿಸೋಕೆ ಹೇಗೂ ಹೋಗಿರ್ತೀರಲ್ಲ, ಅವತ್ತೇ ತಾಯಿದೂ ಒಂದು ಟ್ಯೂಬ್ ರಕ್ತ ಕೊಟ್ಟು ಬನ್ನಿ. ಗುಣ ಆಯ್ತು ಅಂದವರೂ ವರ್ಷಕ್ಕೊಂದು ಸಲ ನೋಡಿಸ್ಕೊಳ್ಳಿ, ಇನ್ನೊಂದು ಮಗು ಬೇಕು ಅಂತ ಯೋಚನೆ ಬಂದ್ರೆ ಅದಕ್ಕೂ ಮೊದಲೇ ಒಮ್ಮೆ. ನನ್ನ ತಂಗಿ ಫೈಲಲ್ಲಿ ಈಗ ಮಗುವಿನ ರಿಪೋರ್ಟು ಅವಳ ರಿಪೋರ್ಟು ಎರಡೂ ಒಟ್ಟಿಗೇ ಇರತ್ತೆ, ಮುಂದಿನ ತಿಂಗಳು ಇಬ್ಬರದ್ದೂ ಡೇಟ್ ಇದೆ.